ಕಾಂಪೌಂಡರ ಹಳೆಯ ಪೆಟ್ಟಿಗೆ

ನಮ್ಮ ಯಜಮಾನರ ತಗಡಿನ ಪೆಟ್ಟಿಗೆಯಲ್ಲಿದ್ದ ಹಳೆಯ ಔಷಧಿಗಳನ್ನು ಹಿತ್ತಿಲ ಗುಂಡಿಗೆ ಸುರಿಯುತ್ತಿದ್ದೆ. ಅಷ್ಟರಲ್ಲಿ ಬಸ್ತಿಹಳ್ಳಿಯ ಗೌರಮ್ಮ, ರಾಗಿ ಕೊಯ್ಯುವಾಗ ಕುಡುಗೋಲು ತಾಗಿದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಹಳೇಬೀಡಿನಲ್ಲಿ ಕಾಂಪೌಂಡರ್ ಆಗಿದ್ದ ಯಜಮಾನರು ತೀರಿಕೊಂಡು ವರ್ಷ ಕಳೆದಿತ್ತು. ಟಿಂಚರ್ ಒಣಗಿ ಸೀಸೆಯಲ್ಲಿ ಕಲೆಯಷ್ಟೇ ಉಳಿದಿತ್ತು, ಮುಲಾಮು ಕಮಟು ಹಿಡಿದಿತ್ತು.

"ಇದೆಲ್ಲಾ ಕೆಟ್ಟೋಗಿದೆ ಕಣೇ, ಬೇಲೂರು ಆಸ್ಪತ್ರೆಗೆ ಹೋಗು," ಎಂದೆ.

"ಔಷ್ದಿ ಕೆಟ್ರೆ ಕೆಡ್ಲಿ ಬುಡಿ ಅಮ್ಮಾವ್ರೇ. ಅಯ್ನೋರ ಕೈಗುಣ ನಿಮ್ ಕೈಗೂ ಬಂದಿರ್ತೈತೆ. ನೀವೇ ಒಂದ್ ಪಟ್ಟಿ ಕಟ್ಬುಡಿ," ಎಂದು ಕೈ ಚಾಚಿದಳು.

ನಾನು ವಿಧವೆಯಾದ ಮೇಲೆ, ಹೊಲಕ್ಕೆ ಹೊರಟವರು ಕೂಡ ನಾನು ಎದುರಾದರೆ ಅಪಶಕುನವೆಂದು ಹಿಂತಿರುಗಿ ತಮ್ಮ ಜಗಲಿಯಲ್ಲಿ ಒಂದು ಗಳಿಗೆ ಕೂತು ಹೋಗುತ್ತಿದ್ದರು. ಇವಳು ನನ್ನ ಕೈಯನ್ನೇ ಕೇಳಿದ್ದಳು. ಪೆಟ್ಟಿಗೆಯಲ್ಲಿ ಉಳಿದಿದ್ದ ಬಟ್ಟೆಯ ಸುರುಳಿಯನ್ನು ಕುದಿಸಿ, ಒಲೆಯ ಶಾಖಕ್ಕೆ ಒಣಗಿಸಿ, ಗಾಯ ತೊಳೆದು ಕಟ್ಟಿದೆ. 

ಸೀಸೆಗಳನ್ನು ಮಣ್ಣಿನಲ್ಲಿ ಮುಚ್ಚಿದೆ. ಪೆಟ್ಟಿಗೆಯನ್ನು ತೊಳೆದು ಇಟ್ಟುಕೊಂಡೆ. ನಾನು ಇನ್ನು ಉಡುವಂತಿಲ್ಲದ ಕೆಂಪು ನೂಲಿನ ಸೀರೆಯನ್ನು ಹರಿದು, ಕುದಿಸಿ, ಪೆಟ್ಟಿಗೆಯ ತುಂಬ ಪಟ್ಟಿ ಮಡಿಸಿಟ್ಟಿದ್ದೇನೆ. ಈ ಸುಗ್ಗಿಯಲ್ಲಿ ಬಸ್ತಿಹಳ್ಳಿಯ ಹೊಲಗಳಲ್ಲಿ ಎಷ್ಟೋ ಬೆರಳುಗಳು ನನ್ನ ಸೀರೆ ಉಟ್ಟಿವೆ.