ಒತಿಲಿಯಾಳ ಖಾಲಿ ಒಗೆತ

“ಬಟ್ಟೆ ಒಗೆಯೋ ಮಷೀನು ಒಳಗೆಲ್ಲ ಫಳಫಳ ಹೊಳೀತದೆ ದೊಡ್ಡಮ್ಮ, ಅದೇ ನಂಗೆ ಹೆದರಿಕೆ. ಕೊಳೆ ಆದ್ರೆ ಕಣ್ಣಿಗೆ ಕಾಣ್ತದೆ, ಮಣ್ಣಾದ್ರೆ ಕೈಗೆ ಸಿಗ್ತದೆ. ಗಿಡಕ್ಕೆ ಹೊಡೆಯೋ ಔಷಧಿ ಎಲ್ಲಿ ಕಾಣ್ತದೆ ಹೇಳಿ? ಅದಕ್ಕೇ ನಿಕಾನೋರನ ಬಟ್ಟೆ ಬೇರೆ ಹಾಕ್ತೀನಿ. ಆಮೇಲೆ ಸುಡುನೀರು, ಸೋಪಿನ ಪುಡಿ ಹಾಕಿ ಬರೀ ಮಷೀನನ್ನೇ ಒಂದ್ಸಲ ತಿರುಗಿಸ್ತೀನಿ. ಬಾಗಿಲಿನ ರಬ್ಬರು ಬಿಡಿಸಿ ಮಡಿಕೆ ಮಡಿಕೆ ಒರೆಸ್ತೀನಿ. ‘ಬಟ್ಟೆ ಇಲ್ದೆ ಏನೇ ಒಗೀತೀಯ, ಗಾಳೀನಾ?’ ಅಂತ ನಗ್ತಾನೆ. ನಗ್ಲಿ. ಬಟ್ಟೆ ಚೀಪೋದು ಮಗು, ಅವನಲ್ಲವಲ್ಲ.”

ಅಮೆರಿಕದ ಯಾಕಿಮಾ ಕಣಿವೆಯ ಸೇಬಿನ ತೋಟದಲ್ಲಿ ಕೂಲಿಯವರ ಮನೆಸಾಲಿದೆ. ಹೀಗೆ ಹೇಳುತ್ತಿದ್ದ ಒತಿಲಿಯಾ ಅಲ್ಲಿ ನನ್ನ ಪಕ್ಕದ ಮನೆಯವಳು. ಗಂಡ ನಿಕಾನೋರ್ ಮರಗಳಿಗೆ ಔಷಧಿ ಹೊಡೆಯುವವನು. ಮಗ ಇಲಾರಿಯೋ ಆಗ ಅಂಬೆಗಾಲಿಡುತ್ತಿದ್ದ. ಹುಡುಗಿಯಾಗಿದ್ದಾಗ ಒತಿಲಿಯಾ ಮೆಕ್ಸಿಕೋದಲ್ಲಿ ಟೊಮೇಟೊ ಕೊಯ್ಯಲು ಹೋಗುತ್ತಿದ್ದಳು. ಔಷಧಿ ಹೊಡೆದ ಹೊಲದಲ್ಲಿ ಜತೆಯವಳೊಬ್ಬಳು ಬಾಯಿಂದ ಜೊಲ್ಲು ಸುರಿಸುತ್ತ ಬಿದ್ದವಳು ಮತ್ತೆ ಏಳಲಿಲ್ಲ. ಅದನ್ನು ಕಂಡ ಕಣ್ಣು ಅವಳದು.

ಒಂದು ಭಾನುವಾರ ಅವಳು ಇಗರ್ಜಿಯಿಂದ ಬಂದಾಗ ಮಗು ಹೊದಿಕೆಯ ತುದಿ ಚೀಪುತ್ತ ಕೂತಿತ್ತು. ಗದ್ದವೆಲ್ಲ ಜೊಲ್ಲು.

“ಈ ಹೊದಿಕೆ ಯಾರು ಒಗೆದಿದ್ದು?”

“ನಾನೇ. ಹೆಂಡ್ತಿಗೆ ಸಹಾಯ ಮಾಡಿದ್ರೂ ತಪ್ಪಾ ಮಹಾರಾಣಿ?”

“ನಿನ್ನ ಬಟ್ಟೆ ಆದ್ಮೇಲಾ?”

“ಹ್ಞೂ.”

“ಮಧ್ಯೆ ಖಾಲಿ ತಿರುಗಿಸಿದ್ಯಾ?”

ನಿಕಾನೋರನ ನಗೆ ಬಾಯಲ್ಲೇ ಒಣಗಿತು. ಅವಳು ಕಿರುಚಿದ್ದು ಕೇಳಿ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಅಷ್ಟರಲ್ಲಿ ಅವನು ವಿಷದ ಸಹಾಯವಾಣಿಗೆ ಫೋನು ಮಾಡಿದ್ದ. ಅತ್ತಲಿನ ಹುಡುಗಿ ನಮ್ಮ ಸ್ಪ್ಯಾನಿಷ್ ಮಾತಿನಲ್ಲೇ ಹೇಳಿದಳು: ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆಯಿರಿ. ಉಸಿರು ಹೇಗಿದೆ? ವಾಂತಿಯಾಯಿತೇ? ಕಣ್ಣಿನ ಪಾಪೆ ನೋಡಿ, ವಿಷಕ್ಕೆ ಕುಗ್ಗಿ ಸಾಸಿವೆಯಷ್ಟಾಗಿದ್ದರೆ ಈಗಲೇ ಆಸ್ಪತ್ರೆಗೆ ಹೊರಡಿ.

“ನೀವೇ ನೋಡಿ ದೊಡ್ಡಮ್ಮ, ನನ್ ಕೈಲಾಗಲ್ಲ,” ಎಂದು ಒತಿಲಿಯಾ ಗೋಡೆಗೆ ಮುಖ ಮಾಡಿದಳು.

ತೊಳೆದ ಮಗುವನ್ನು ಕಿಟಕಿಗೆ ಒಯ್ದು ಕಣ್ಣಿಗೆ ಅಂಗೈ ಮರೆ ಹಿಡಿದೆ. ತೆಗೆಯಲು ನನಗೂ ಧೈರ್ಯವಿಲ್ಲ. ತೆಗೆದೆ. ಪಾಪೆ ಅಗಲವಾಗಿದ್ದುದು ಬೆಳಕಿಗೆ ಮೆಲ್ಲಗೆ ಕಿರಿದಾಯಿತು, ನಮ್ಮ ನಿಮ್ಮ ಕಣ್ಣಿನ ಹಾಗೆಯೇ. ಬೆರಳು ತೊಳೆದು ವಸಡು ಮುಟ್ಟಿದರೆ ಗಟ್ಟಿ ತುದಿಯೊಂದು ಚುಚ್ಚಿತು.

“ಹಲ್ಲು ಕಣೇ! ಹಲ್ಲು ಬರ್ತಿದೆ, ಅದಕ್ಕೆ ಜೊಲ್ಲು!”

ಆದರೂ ಸಂಜೆಯವರೆಗೆ ಮಗುವಿನ ಮೇಲಿಂದ ಕಣ್ಣು ತೆಗೆಯಬೇಡಿ ಎಂದಳು ಫೋನಿನ ಹುಡುಗಿ. ಮಗು ಕೆಮ್ಮಿದರೆ ಮೂವರೂ ಏಳುತ್ತಿದ್ದೆವು. ಸುಮ್ಮನಿದ್ದರೆ ಇನ್ನೂ ಭಯ. “ಬೈಯೇ, ಏನಾದ್ರೂ ಅನ್ನೇ,” ಎಂದು ನಿಕಾನೋರ್ ಗೋಗರೆದ. ಅವಳು ಮಗುವಿನ ಎದೆಯ ಮೇಲೆ ಅಂಗೈ ಇಟ್ಟು ಉಸಿರು ಎಣಿಸುತ್ತಿದ್ದಳು. ಹೊತ್ತು ಮುಳುಗುವಾಗ ಮಗು ಬೇಯಿಸಿ ಹಿಸುಕಿದ ಬೀನ್ಸ್ ಕಾಳು ತಿಂದು, ಅಪ್ಪನ ಮೂಗು ಹಿಡಿದೆಳೆಯಿತು. ಅವನು ಅತ್ತುಬಿಟ್ಟ.

ಮರುದಿನ ಅವನೇ ಮಷೀನನ್ನು ಸುಡುನೀರಲ್ಲಿ ತಿರುಗಿಸಿ, ರಬ್ಬರಿನ ಮಡಿಕೆ ಒರೆಸಿ, ಒಳಗೆ ಆರಲಿ ಎಂದು ಬಾಗಿಲು ತೆರೆದಿಟ್ಟ. ಒತಿಲಿಯಾ ಮಾತ್ರ ಹಿತ್ತಿಲಲ್ಲಿ ಬಕೆಟ್ಟು ಹಿಡಿದು ಮಗುವಿನ ಬಟ್ಟೆ ಕೈಯಲ್ಲೇ ಒಗೆಯುತ್ತ ಕೂತಿದ್ದಳು.

“ಮಷೀನು ಚೊಕ್ಕಟವಾಗಿದೆ ಕಣೇ,” ಎಂದೆ.

“ಗೊತ್ತು ದೊಡ್ಡಮ್ಮ,” ಎನ್ನುತ್ತ ಅವಳು ಮಗುವಿನ ಪುಟ್ಟ ಅಂಗಿಯನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು. ಇನ್ನೊಂದನ್ನು ನೀರಿಗದ್ದಿದಳು.