ಮೈಕಣ್ಣ ಇಟ್ಟ ಹೆಸರು

ಅದನ್ನು ಹೊಡೆದು ಹಾಕಿಬಿಡು ಮಗು, ನನ್ನ ತಮ್ಮನ ಮದುವೆಯ ದಿನ ಸ್ಪೀಕರ್ ಸುಟ್ಟುಹೋದ ಕಥೆಯನ್ನು. ಅವನ ಹೆಂಡತಿ ಓದಿದರೆ ನನ್ನನ್ನು ಬಿಟ್ಟಾಳೆಯೇ? ನಲವತ್ತು ವರ್ಷದ ಹಿಂದಿನದನ್ನು ಈಗ ಕೆದಕಿದರೆ ನಾದಿನಿ ನನ್ನ ಮನೆ ಮೆಟ್ಟಿಲು ಹತ್ತುವುದಿಲ್ಲ. ಮೈದಾನದ ವಿಷಯಕ್ಕೆ ಬರೋಣ. ನಿಧಾನವಾಗಿ ಬರೆದುಕೋ, ನಾನೂ ನಿಧಾನವಾಗಿಯೇ ಹೇಳುತ್ತೇನೆ.

ನನ್ನ ತಮ್ಮನನ್ನು, ಅಂದರೆ ನಿನ್ನ ಮೈಕಜ್ಜನನ್ನು, ಊರವರೆಲ್ಲ ಮೈಕಣ್ಣ ಅಂತಲೇ ಕರೆಯುವುದು. ಪೇಟೆ ಬೀದಿಯಲ್ಲಿ ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಹಾಗೆ ಇದೆಯಲ್ಲ, ಅದೇ ಅವನ ಸೌಂಡ್ ಸಿಸ್ಟಮ್ ಅಂಗಡಿ. ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ವೈರಿನ ಸುರುಳಿಗಳು, ಹಳೆಯ ಆಂಪ್ಲಿಫೈಯರುಗಳು, ಬಾಯಿ ತೆರೆದುಕೊಂಡು ಮಲಗಿದ ಸ್ಪೀಕರ್ ಪೆಟ್ಟಿಗೆಗಳು. ಆದರೆ ಯಾವ ವೈರು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಕಣ್ಣು ಬಿಟ್ಟುಕೊಂಡರೂ ಕಾಣದಿರುವುದು ಅವನ ಕನ್ನಡಕ ಒಂದೇ. ಅದು ಯಾವಾಗಲೂ ತಲೆಯ ಮೇಲೇ ಇರುತ್ತದೆ, ಅವನು ಮಾತ್ರ ಪಕ್ಕದ ಕನ್ನಡಕದ ಅಂಗಡಿಯವನನ್ನು ಬಯ್ಯುತ್ತಾ ಮನೆ ತುಂಬ ಹುಡುಕುತ್ತಾನೆ.

ಫುಟ್‌ಬಾಲ್ ಮೈದಾನದಲ್ಲಿ ಮೂವತ್ತೊಂದು ವರ್ಷ ಮೈಕ್ ಹಿಡಿದವನು ಅವನು. ಗ್ಯಾಲರಿಯ ತಲೆಯ ಮೇಲೆ ಒಂದು ಮರದ ಗೂಡು ಇದೆ, ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಒಂದು ಮೇಜು, ಒಂದು ಮೈಕು, ತಿರುಗದ ಒಂದು ಫ್ಯಾನು. ಅಲ್ಲಿ ಕೂತು ಮೈಕಿಗೆ ಮೂರು ಸಲ ಉಫ್ ಅಂತ ಊದಿ, ಆಟಗಾರರ ಹೆಸರು ಕೂಗುತ್ತಿದ್ದ. ಹೆಸರು ಅಂದರೆ ಅಪ್ಪ ಅಮ್ಮ ಇಟ್ಟದ್ದಲ್ಲ. ಅವನ ಮೈಕಿನಲ್ಲಿ ಯಾರ ನಿಜವಾದ ಹೆಸರೂ ಬಂದದ್ದೇ ಇಲ್ಲ. ತಂಡಕ್ಕೆ ಹೊಸಬರು ಬಂದರೆ ಎರಡು ಆಟ ಸುಮ್ಮನೆ ನೋಡುತ್ತಿದ್ದ, ಮೂರನೆಯ ಆಟಕ್ಕೆ ಒಂದು ಹೆಸರು ಅಂಟಿಸುತ್ತಿದ್ದ. ಓಡುವಾಗ ಮೊಣಕೈ ಬೀಸುವವನು ಗಾಳಿಯಂತ್ರ. ಚೆಂಡು ಸಿಕ್ಕರೆ ಯಾರಿಗೂ ಕೊಡದವನು ಜಿಪುಣ. ಆ ಹೆಸರು ಬಿದ್ದ ದಿನ ಆಟಗಾರರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಮೈಕಣ್ಣ ಹೆಸರಿಟ್ಟ ಅಂದರೆ ತಂಡದಲ್ಲಿ ಕಾಲೂರಿದೆ ಅಂತ ಲೆಕ್ಕ.

ಹಾಗೆ ಒಂದು ವರ್ಷ ತಂಡಕ್ಕೆ ಹೊಸ ಗೋಲ್‌ಕೀಪರ್ ಬಂದ, ಅವನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಹಿಟ್ಟಿನ ಗಿರಣಿಯಲ್ಲಿ ಕೆಲಸ. ಮೈಬಣ್ಣ ಕಪ್ಪು, ಒಳ್ಳೆ ಮಿರಿಮಿರಿ ಕಪ್ಪು. ಗಿರಣಿಯಿಂದ ಸೀದಾ ಮೈದಾನಕ್ಕೆ ಬಂದರೆ ಹುಬ್ಬು ಮಾತ್ರ ಬೆಳ್ಳಗಿರುತ್ತಿತ್ತು. ಅವನ ಮನೆಯವರ ದೇವರು ಬೇರೆ, ಪ್ರಾರ್ಥನೆ ಬೇರೆ. ಆ ಜನ ನಮ್ಮ ಊರಿನಲ್ಲಿ ಇದ್ದದ್ದೇ ಹತ್ತು ಹನ್ನೆರಡು ಮನೆ. ಆಟ ಶುರುವಾಗುವ ಮೊದಲು ಗೋಲಿನ ಬಾಯಲ್ಲಿ ಮಂಡಿಯೂರಿ, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಏನೋ ಗುಣುಗುಣು ಅನ್ನುತ್ತಿದ್ದ. ಯಾರೂ ಏನೂ ಅನ್ನಲಿಲ್ಲ. ಗೆಲ್ಲುತ್ತಿದ್ದಾಗ ಯಾರು ಏನು ಅನ್ನುತ್ತಾರೆ?

ಮೊದಲನೆಯ ದಿನ ಅವನು ತಾನಾಗಿಯೇ ಏಣಿ ಹತ್ತಿ ಗೂಡಿಗೆ ಬಂದು ಹೆಸರು ಹೇಳಿದನಂತೆ. ಮೂರು ತುಂಡಿನ ಹೆಸರು, ಅದರೊಳಗೆ ಅವನ ತಾತನ ಹೆಸರೂ ಇತ್ತಂತೆ. ಮೈಕಣ್ಣ ಎರಡು ಸಲ ಹೇಳಿ ನೋಡಿದ, ಎರಡು ಸಲವೂ ನಾಲಿಗೆ ತಡವರಿಸಿತು. ನಕ್ಕುಬಿಟ್ಟ. "ಇಷ್ಟುದ್ದ ಹೆಸರು ಹೇಳಿ ಮುಗಿಸೋದ್ರೊಳಗೆ ಹಾಫ್‌ಟೈಮ್ ಆಗುತ್ತೆ ಕಣಯ್ಯ" ಎಂದ. ಆ ಹುಡುಗನೂ ನಕ್ಕ. ನಗದೆ ಏನು ಮಾಡುತ್ತಾನೆ, ಹೊಸಬ.

ಮೂರನೆಯ ಆಟಕ್ಕೆ ಮೈಕಣ್ಣ ಅವನಿಗೆ ಕರಿಯ ಅಂತ ಹೆಸರಿಟ್ಟ.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನೀನು ಅವನನ್ನು ತಪ್ಪು ತಿಳಿದುಕೊಳ್ಳುತ್ತೀಯ. ನಮ್ಮ ಮನೆಯಲ್ಲಿ ನಾನು ಬಿಳಿಚಿ, ಅವನು ಕಪ್ಪು. ಅಮ್ಮ ಅವನನ್ನು ಎತ್ತಿಕೊಂಡು ಸ್ನಾನ ಮಾಡಿಸುವಾಗ, ಜ್ವರ ಬಂದಾಗ ತಲೆ ಒತ್ತುವಾಗ, ನನ್ನ ಕರಿಯ, ಬಾರೋ ಕರಿಯ ಅಂತಲೇ ಅನ್ನುತ್ತಿದ್ದದ್ದು. ಅಮ್ಮ ಹೋದಮೇಲೆ ಅವನನ್ನು ಹಾಗೆ ಕರೆಯುವವರು ಯಾರೂ ಉಳಿಯಲಿಲ್ಲ. ನಾನೂ ಕರೆಯಲಿಲ್ಲ, ಅವನ ಕೂದಲು ಬೆಳ್ಳಗಾಗಿತ್ತಲ್ಲ. ತನ್ನ ಆ ಹೆಸರನ್ನೇ ತೆಗೆದು ಆ ಹುಡುಗನಿಗೆ ಕೊಟ್ಟ. ಕೊಡುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಆ ಹುಡುಗನ ಮನಸ್ಸಿನಲ್ಲಿ ಏನಿತ್ತು ಎಂದು ಮಾತ್ರ ಕೇಳಲಿಲ್ಲ.

ಹೆಸರು ಹತ್ತಿದ್ದು ಹೇಗೆ ಅಂತೀಯ. ಎದುರು ತಂಡದವರು ಚೆಂಡು ಹೊಡೆಯಲು ಬಂದಾಗ ಮೈಕಣ್ಣ ಮೈಕಿನಲ್ಲಿ "ಕರಿಯಾ" ಎಂದು ಎಳೆಯುತ್ತಿದ್ದ, ಇಡೀ ಮೈದಾನ "ಹಿಡಿಯಾ" ಎಂದು ಮುಗಿಸುತ್ತಿತ್ತು. ಅವನು ಅರ್ಧ, ಜನ ಅರ್ಧ. ನಾಲ್ಕು ವರ್ಷ ಹಾಗೇ ನಡೆಯಿತು. ಶಾಲೆಯ ಮಕ್ಕಳು ಬೀದಿಯಲ್ಲಿ ಆಡುವಾಗಲೂ ಅದನ್ನೇ ಕೂಗುತ್ತಿದ್ದರು. ಕನ್ನಡಕದ ಅಂಗಡಿಯವನಂತೂ ಗೋಲ್‌ಕೀಪರನ ಅಮ್ಮನಿಗೆ ಕನ್ನಡಕ ಪುಕ್ಕಟೆ ಮಾಡಿಕೊಟ್ಟ, ನಮ್ಮ ಕರಿಯನ ತಾಯಿ ಅಂತ.

ಆಮೇಲೆ ಆ ಫೈನಲ್ ಬಂತು, ಪಕ್ಕದ ಊರಿನವರ ಮೇಲೆ. ಮೊದಲ ಗೋಲು ಕಂಬಕ್ಕೆ ಬಡಿದು, ಅವನ ಬೆನ್ನಿಗೆ ತಾಗಿ ಒಳಗೆ ಹೋಯಿತು. ಅದು ಯಾರ ಕೈಯಲ್ಲೂ ಇರಲಿಲ್ಲ. ಎರಡನೆಯದು ಅವನದೇ ತಪ್ಪು. ಗೆರೆ ಬಿಟ್ಟು ಮುಂದೆ ಓಡಿಬಂದ, ಚೆಂಡು ಕೈಯಿಂದ ಜಾರಿತು.

ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಮೊದಲು ಯಾರೋ ಒಬ್ಬ ಮಂಗನ ಹಾಗೆ ಕಿರುಚಿದ. ಆಮೇಲೆ ಹತ್ತು ಜನ. ಚಪ್ಪಲಿ ಬಿತ್ತು, ಹಣ್ಣಿನ ಸಿಪ್ಪೆ ಬಿತ್ತು. ಅಷ್ಟರಲ್ಲಿ ಯಾವನೋ ಬುದ್ಧಿವಂತ ಮೈಕಣ್ಣನ ಪದವನ್ನೇ ತಿರುಚಿದ. ನಮ್ಮ ಭಾಷೆಯಲ್ಲಿ ಕರಿ ಅಂದರೆ ಕಪ್ಪೂ ಹೌದು, ಕೂಗಿ ಕರೆಯುವುದೂ ಹೌದು. "ಕರಿಯಾ, ಕರಿಯೋ, ನಿನ್ನ ದೇವ್ರನ್ನ ಕರಿಯೋ." ಪ್ರಾಸ ಚೆನ್ನಾಗಿ ಕೂತಿತ್ತು, ಹಾಳಾದದ್ದು. ಒಂದು ನಿಮಿಷದಲ್ಲಿ ಗ್ಯಾಲರಿಯಿಂದ ಗ್ಯಾಲರಿಗೆ ಹಬ್ಬಿತು. ಅವನು ಮಂಡಿಯೂರುವುದನ್ನು ಅಣಕಿಸಿ ನಾಲ್ಕು ಜನ ಬೆಂಚಿನ ಮೇಲೆ ಮಂಡಿಯೂರಿದರು. ನಿಮ್ಮ ಜನ ಇರೋ ಕಡೆ ಹೋಗು ಎಂದರು. ಎದುರು ಊರಿನವರಲ್ಲ ಮಗು, ನಮ್ಮವರೇ. ಮೈಕಣ್ಣ ಗೂಡಿನ ಕಿಟಕಿಯಿಂದ ನೋಡುತ್ತಿದ್ದಾನೆ, ಕನ್ನಡಕದ ಅಂಗಡಿಯವನು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗುತ್ತಿದ್ದಾನೆ. ಬೆಳಿಗ್ಗೆ ಇವನ ಪೇಪರು ಇಸಿದುಕೊಂಡು ಓದಿದವನು.

ಗೋಲ್‌ಕೀಪರ್ ತಿರುಗಿ ಗೂಡಿನ ಕಡೆ ನೋಡಿದ. ಇಡೀ ಮೈದಾನದಲ್ಲಿ ಜನರ ಬಾಯಿಗಿಂತ ದೊಡ್ಡ ಬಾಯಿ ಇದ್ದದ್ದು ಅಲ್ಲೊಂದೇ ತಾನೆ?

ಮೈಕಣ್ಣ ಸ್ವಿಚ್ ಹಾಕಿದ. ಏನು ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ನಿಲ್ಲಿಸಿ, ಇವನು ನಮ್ಮವನು, ನಾಲ್ಕು ವರ್ಷ ನಮ್ಮ ಮಾನ ಕಾಪಾಡಿದವನು ಎನ್ನಬೇಕು. ಆದರೆ ಮೊದಲು ಅವನ ಹೆಸರು ಹೇಳಬೇಕು, ಮರ್ಯಾದೆಯಿಂದ, ಅಪ್ಪ ಅಮ್ಮ ಇಟ್ಟ ಹೆಸರು. ಬಾಯಿ ತೆರೆದ. ಹೆಸರು ಬರಲಿಲ್ಲ. ಮೂರು ತುಂಡು ಎಂಬುದು ನೆನಪಿದೆ, ತಾತನದು ಸೇರಿದೆ ಎಂಬುದೂ ನೆನಪಿದೆ, ಹೆಸರು ಮಾತ್ರ ಇಲ್ಲ. ಮೈಕು ಆನ್ ಆದದ್ದು ಕೇಳಿ ಜನ ಕೂಗು ನಿಲ್ಲಿಸಿ ಕಾಯುತ್ತಿದ್ದಾರೆ, ನಾಲಿಗೆ ತನಗೆ ಗೊತ್ತಿದ್ದನ್ನು ಹೇಳಿಬಿಟ್ಟಿತು.

"ನಮ್ಮ ಕರಿಯಾ..."

ಮುಂದಿನದನ್ನು ಹೇಳಲು ಉಸಿರು ಎಳೆದುಕೊಂಡನಷ್ಟೆ. ಅವನು ಅರ್ಧ ಹೇಳಿದರೆ ಉಳಿದರ್ಧ ಹೇಳಿ ಜನರಿಗೆ ಅಭ್ಯಾಸವಾಗಿತ್ತಲ್ಲ. ಐದು ಸಾವಿರ ಜನ ಒಂದೇ ಬಾಯಲ್ಲಿ ಮುಗಿಸಿದರು. ದೇವರನ್ನು ಕರಿಯೋ ಎಂದು. ಮೈಕಣ್ಣನೇ ಶುರು ಮಾಡಿಕೊಟ್ಟ ಹಾಗಾಯಿತು. ಅವನು ಬೇಡ ಬೇಡ ಎಂದದ್ದು ಆ ಗಲಾಟೆಯಲ್ಲಿ ಅವನ ಕಿವಿಗೇ ಕೇಳಿಸಲಿಲ್ಲವಂತೆ. ಸ್ವಿಚ್ ಆರಿಸಿ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಕೆಳಗೆ ಆ ಹುಡುಗ ಎರಡೂ ಗ್ಲೌಸು ಬಿಚ್ಚಿ, ಜೋಡಿಸಿ, ಗೋಲಿನ ಗೆರೆಯ ಮೇಲೆ ಇಟ್ಟ. ಬಟ್ಟೆ ಬದಲಿಸುವ ಕೋಣೆಗೂ ಹೋಗಲಿಲ್ಲ, ಜರ್ಸಿಯಲ್ಲೇ ದೊಡ್ಡ ಗೇಟಿನಿಂದ ರಸ್ತೆಗೆ ಇಳಿದು ಹೋದ.

ಮಾರನೆಯ ದಿನ ಮೈಕಣ್ಣ ಕ್ಲಬ್ಬಿನ ಸೆಕ್ರೆಟರಿಯ ಹತ್ತಿರ ಹೋಗಿ ಆಟಗಾರರ ಪಟ್ಟಿ ಕೇಳಿದ. ಪಟ್ಟಿಯಲ್ಲಿ ಎಲ್ಲರದೂ ಹೆಸರಿತ್ತು, ಗೋಲ್‌ಕೀಪರ್ ಎಂಬಲ್ಲಿ "ಗಿರಣಿಯವನು" ಎಂದು ಬರೆದಿತ್ತು. ಸೆಕ್ರೆಟರಿಗೂ ನಾಲಿಗೆ ತಿರುಗಿರಲಿಲ್ಲ. ಸೋತ ಬೇಜಾರಿನಲ್ಲಿ ಜನ ನಾಲ್ಕು ಮಾತು ಆಡುತ್ತಾರೆ, ಮುಂದಿನ ಸಲ ಗೆದ್ದರೆ ಹೆಗಲ ಮೇಲೆ ಹೊರುತ್ತಾರೆ, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಇವನಿಗೇ ಸಮಾಧಾನ ಹೇಳಿ ಕಳಿಸಿದ.

ಮೂರನೆಯ ದಿನ ಮೈಕಣ್ಣ ಗಿರಣಿಗೆ ಹೋದ. ಗಿರಣಿಯ ಸದ್ದಿನಲ್ಲಿ ಏನು ಹೇಳಿದರೂ ಕೂಗಿ ಹೇಳಬೇಕು. ಇವನು ಕೂಗಲಾರದೆ ನಿಂತಿದ್ದನ್ನು ನೋಡಿ ಆ ಹುಡುಗನೇ ಯಂತ್ರ ನಿಲ್ಲಿಸಿದ. ಕೂರಲು ಒಂದು ಮೂಟೆ ತೋರಿಸಿದ. ಮರ್ಯಾದೆ ಬಿಡಲಿಲ್ಲ ನೋಡು.

ಮೈಕಣ್ಣ ಅಮ್ಮನ ಕಥೆಯನ್ನೆಲ್ಲ ಹೇಳಿದ. ಸ್ನಾನದ್ದು, ಜ್ವರದ್ದು, ಪ್ರೀತಿಯಿಂದ ಇಟ್ಟ ಹೆಸರು ಎಂಬುದು. ಹುಡುಗ ಕೈಯ ಹಿಟ್ಟು ಉಜ್ಜಿಕೊಳ್ಳುತ್ತಾ ಕೇಳಿಸಿಕೊಂಡ.

"ನಿಮ್ಮಮ್ಮ ನಿಮ್ಮನ್ನ ಕರೆದದ್ದು ನಿಮ್ಮ ಮನೆಯೊಳಗೆ ಅಣ್ಣ," ಎಂದ. "ನಮ್ಮಮ್ಮ ನನ್ನನ್ನ ಯಾವತ್ತೂ ಹಾಗೆ ಕರೆದಿಲ್ಲ."

ಮೈಕಣ್ಣ ತಲೆ ತಗ್ಗಿಸಿಕೊಂಡೇ, "ನಿನ್ನ ಹೆಸರು ಹೇಳಪ್ಪ, ಈ ಸಲ ಕಲಿತುಕೊಳ್ತೀನಿ. ನನ್ನದು ತಪ್ಪಾಯ್ತು" ಎಂದ.

"ಅಂದದ್ದು ಮೈಕಲ್ಲಿ. ತಪ್ಪಾಯ್ತು ಅನ್ನೋದು ಇಲ್ಲಿ, ಮೂಟೆಗಳ ಮುಂದೆ." ಅವನು ಜೋರು ಮಾಡಲಿಲ್ಲವಂತೆ, ಇದ್ದದ್ದನ್ನು ಹೇಳಿದ ಹಾಗೆ ಹೇಳಿದ. "ಹೆಸರು ನಾನು ಒಂದು ಸಲ ಹೇಳಿದ್ದೀನಿ ಅಣ್ಣ. ಏಣಿ ಹತ್ತಿ ಬಂದು ಹೇಳಿದ್ದೀನಿ."

ಮತ್ತೆ ಯಂತ್ರ ಹಾಕಿದ.

ನಿಜವೇ ತಾನೆ, ಮೈಕಿನಲ್ಲೇ ಹೇಳುತ್ತೇನೆ ಎಂದು ಮೈಕಣ್ಣ ನಿಶ್ಚಯ ಮಾಡಿಕೊಂಡ. ಮುಂದಿನ ಆಟದ ದಿನ, ಜನ ತುಂಬಿದ ಮೇಲೆ. ಕ್ಲಬ್ಬಿನವರಿಗೆ ಮೊದಲೇ ತಿಳಿಸಿದ್ದು ಅವನ ದಡ್ಡತನ ಅನ್ನುತ್ತಾಳೆ ಹೆಂಡತಿ. ತಿಳಿಸದೆ ಮಾಡುವ ಜಾಯಮಾನ ಅವನದಲ್ಲ. ಆಟದ ದಿನ ಏಣಿ ಹತ್ತಿ ನೋಡಿದರೆ ಮೈಕಿನ ವೈರು ಬಿಚ್ಚಿತ್ತು, ಮೇಜಿನ ಮೇಲೆ ಬೇರೆ ಅಂಗಡಿಯವರ ಯಂತ್ರ ಕೂತು ತಾನೇ ಹಾಡುತ್ತಿತ್ತು. ಮೂವತ್ತೊಂದು ವರ್ಷದ ಕೆಲಸ ಹಾಗೆ ಮುಗಿಯಿತು. ಇಳಿಯುವಾಗ ಏಣಿಯಲ್ಲಿ ಯಾರೋ ಕೈ ಕೊಡಲು ಬಂದರಂತೆ, ಬೇಡ ಎಂದನಂತೆ.

ಅಂದಿನಿಂದ ಪ್ರತಿ ಆಟಕ್ಕೂ ಕೈಯಲ್ಲಿ ಹಿಡಿಯುವ ಸಣ್ಣ ಮೈಕು, ಆ ಕಹಳೆಯಂಥದು, ಹಿಡಿದುಕೊಂಡು ದೊಡ್ಡ ಗೇಟಿನ ಹತ್ತಿರ ನಿಲ್ಲುತ್ತಾನೆ. ಹೇಳುವುದು ನಾಲ್ಕೇ ಮಾತು. ಇಲ್ಲಿ ಒಬ್ಬ ಗೋಲ್‌ಕೀಪರ್ ಇದ್ದ. ಅವನ ಬಣ್ಣ ಹಿಡಿದು, ಅವನ ದೇವರನ್ನು ಹಿಡಿದು ಆಡಿಕೊಂಡೆವು. ಆ ಹೆಸರು ಇಟ್ಟವನು ನಾನು. ಅವನ ನಿಜವಾದ ಹೆಸರು ನನಗೆ ಗೊತ್ತಿಲ್ಲ, ಅದು ನನ್ನ ತಪ್ಪು. ಮುಗಿಯಿತು ಅಂದರೆ ಮತ್ತೆ ಮೊದಲಿನಿಂದ.

ಕೆಲವರು ನಗುತ್ತಾರೆ. ಮೈಕಣ್ಣನಿಗೆ ಮೈಕು ಹೋಗಿ ತಲೆ ಕೆಟ್ಟಿದೆ ಅನ್ನುತ್ತಾರೆ. ಕನ್ನಡಕದ ಅಂಗಡಿಯವನು ಈಗ ಹಿಂದಿನ ಗೇಟಿನಿಂದ ಒಳಗೆ ಹೋಗುತ್ತಾನೆ, ಪೇಪರು ಕೇಳುವುದನ್ನೂ ಬಿಟ್ಟಿದ್ದಾನೆ. ಹೋದ ವಾರ ಯಾರೋ ಕೈಯಿಂದ ಕಹಳೆ ಕಿತ್ತುಕೊಳ್ಳಲು ನೋಡಿದಾಗ ಇವನು ಬಿದ್ದು ಮೊಣಕೈ ತರಚಿಕೊಂಡು ಬಂದ. ಹುಡುಗನಂತೂ ಗಿರಣಿ ಬಿಟ್ಟು ಹೋಗಿ ಮೂರು ತಿಂಗಳಾಯಿತು. ಅಮ್ಮನನ್ನು ಕರೆದುಕೊಂಡು ಅಕ್ಕನ ಊರಿಗೆ ಹೋದನಂತೆ, ಯಾವ ಊರು ಎಂದು ಗಿರಣಿಯವರಿಗೂ ಗೊತ್ತಿಲ್ಲ. ಅವನ ಜನರ ಆ ಹತ್ತು ಹನ್ನೆರಡು ಮನೆಗಳಿಗೂ ಮೈಕಣ್ಣ ಹೋಗಿ ಕೇಳಿದ. ಬಾಗಿಲು ತೆರೆದರು, ಕೂರಿ ಎಂದರು, ಗೊತ್ತಿಲ್ಲ ಎಂದರು. ಅವನ ಹೆಸರನ್ನೂ ಹೇಳಲಿಲ್ಲ.

ಕೇಳಬೇಕಾದವನೇ ಊರಲ್ಲಿಲ್ಲ, ಇನ್ನು ಯಾರಿಗೋಸ್ಕರ ಗಂಟಲು ಹರಿದುಕೊಳ್ಳುತ್ತೀಯೋ ಎಂದು ಮೊಣಕೈಗೆ ಮುಲಾಮು ಹಚ್ಚುತ್ತಾ ಕೇಳಿದೆ.

"ಅವನು ಕೇಳಲಿ ಅಂತಲ್ಲ ಅಕ್ಕ," ಎಂದ. "ಅಂದವರು ಕೇಳಲಿ."

ಇವತ್ತೂ ಆಟ ಇದೆ ಮಗು. ಬೆಳಿಗ್ಗೆಯಿಂದ ಆ ಕಹಳೆ ಕೆರಕೆರ ಅನ್ನುತ್ತಿದೆ, ಸೆಲ್ಲು ಮುಗಿದಿರಬೇಕು. ಬರೆದದ್ದು ಸಾಕು, ಎದ್ದು ಹೋಗಿ ಸೆಲ್ಲು ತಂದುಕೊಡು, ದಪ್ಪದ್ದು, ಆರು ಬೇಕು. ಆಮೇಲೆ ಅವನ ಜೊತೆ ಗೇಟಿಗೆ ಹೋಗು. ಬೇಡ ಅನ್ನುತ್ತಾನೆ, ಕೇಳಬೇಡ. ಏನೂ ಮಾತಾಡಬೇಕಾಗಿಲ್ಲ, ತರಚಿದ ಮೊಣಕೈ ಕಡೆ ನಿಂತುಕೋ ಸಾಕು.