ಗುಣಪಾಲ ಮಾಸ್ಟ್ರು ತಡೆದ ಕಾಗದ

ಗುಣಪಾಲ ಮಾಸ್ಟ್ರ ಅಲಂಕಾರದ ಪಾಠವೆಂದರೆ ಬೇರೆ ತರಗತಿಯವರೂ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಅದೇ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ನನಗೆ ಹೊಟ್ಟೆಕಿಚ್ಚಾಗುತ್ತಿದ್ದುದು ಸುಳ್ಳಲ್ಲ. ಕವಿ ಬಾಯಿಬಿಟ್ಟು ಹೇಳದ್ದನ್ನೆಲ್ಲ ಅವರು ಎಳೆ ಎಳೆಯಾಗಿ ಬಿಡಿಸಿಡುವರು. ನೇರವಾಗಿ ಹೇಳಿದ ಮಾತಿಗೆ ಮಾತ್ರ ಅವರಲ್ಲಿ ಬೆಲೆಯಿಲ್ಲ. "ಅದರಲ್ಲಿ ಎಂತ ಉಂಟು ಮಾರಾಯ? ಸಪ್ಪೆ," ಎನ್ನುವರು.

೧೯೪೨ರಲ್ಲಿ ಚಳವಳಿಯವರಿಂದ ನಮ್ಮೂರಿನ ಜೈಲು ತುಂಬಿತು. ಕೈದಿಗಳಿಗೆ ಬರುವ ಕನ್ನಡ ಕಾಗದಗಳಲ್ಲಿ ಗುಟ್ಟೇನಾದರೂ ಇದೆಯೇ ಎಂದು ಓದಿ ಹೇಳಲು ಜೈಲಿನವರು ಬಿಜೈಯಲ್ಲಿದ್ದ ಅವರ ಮನೆಗೇ ಬಂದು ಮಾಸ್ಟ್ರನ್ನು ಕರೆದರು. ಆಗುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಮೊದಲ ತಿಂಗಳಲ್ಲೇ 'ಅತ್ತೆ ಮನೆಯ ಮದುವೆ' ಎಂಬುದು ಕರಪತ್ರ ಹಂಚುವ ಏರ್ಪಾಡೆಂದು ಕಂಡುಹಿಡಿದರು. ಜೈಲರ್ ಬೆನ್ನು ತಟ್ಟಿದ. ಆಮೇಲೆ ಮಾಸ್ಟ್ರಿಗೆ ಯಾವ ಮದುವೆಯೂ ಬರೀ ಮದುವೆಯಾಗಿ ಕಾಣಲಿಲ್ಲ.

ಆಗ ಬಂದದ್ದು ಬಿಕರ್ನಕಟ್ಟೆಯ ದೇಯಿಯ ಕಾಗದ. ಅವಳ ಗಂಡ ನೋಣಯ್ಯ ಹಂಚಿನ ಕಾರ್ಖಾನೆಯ ಕೆಲಸದವ, ಮೆರವಣಿಗೆಯಲ್ಲಿ ಸಿಕ್ಕಿಬಿದ್ದು ಒಳಗಿದ್ದ. "ಕಿನ್ನಿಗೆ ಎಂಟು ದಿನದಿಂದ ಜ್ವರ. ಗಂಟಲಲ್ಲಿ ನೀರೂ ಇಳಿಯುವುದಿಲ್ಲ. ಅಪ್ಪ ಬೇಕು ಎನ್ನುತ್ತಾಳೆ. ಒಮ್ಮೆ ಬನ್ನಿ." ಇಂಥ ಕಾಗದ ತೋರಿಸಿದ ಕೈದಿಯನ್ನು ಎರಡು ದಿನ ಮನೆಗೆ ಬಿಡುತ್ತಿದ್ದರು. ಕಾಗದ ಅವನ ಕೈಸೇರಬೇಕಿತ್ತು, ಅಷ್ಟೆ.

ಮಾಸ್ಟ್ರು ಅದನ್ನು ಮೂರು ಸಲ ಓದಿದರು. ಕಿನ್ನಿ ಎಂಬ ಮಗುವೆಂದರೆ ಹೊಸದಾಗಿ ಹುಟ್ಟಿದ ಗುಂಪು. ಜ್ವರವೆಂದರೆ ಊರಿನ ಕಾವು. ನೀರು ಇಳಿಯದೆಂದರೆ ಕರಪತ್ರ ತಲಪುತ್ತಿಲ್ಲ. ಅಪ್ಪನೆಂದರೆ ಮುಂದಾಳು. ಒಂದು ಪದವೂ ಮಿಗದೆ ಎಲ್ಲ ಕೂಡಿಬಂತು. ಅಂಚಿನಲ್ಲಿ 'ರೂಪಕ. ತಡೆಹಿಡಿಯಿರಿ' ಎಂದು ಬರೆದರು. ನಾಲ್ಕು ದಿನ ಬಿಟ್ಟು ಬಂದ ಎರಡನೆಯ ಕಾಗದಕ್ಕೂ ಅದೇ ಗತಿ. ಎಂಥ ವಿದ್ವತ್ತು! ನನ್ನ ತರಗತಿಯ ಶುದ್ಧ ದಡ್ಡನ ಕೈಗೆ ಕೊಟ್ಟಿದ್ದರೂ ಅವನು ಡಾಕ್ಟರನ್ನು ಕರೆಯಲು ಓಡುತ್ತಿದ್ದ.

ಮುಂದಿನ ವಾರ, ಮಾಸ್ಟ್ರ ಮಾತು ನಂಬಿ, ಪೊಲೀಸರು ದೇಯಿಯ ಮನೆಯನ್ನು ಶೋಧಿಸಲು ಹೊರಟರು. ಸಿಕ್ಕಿದ್ದನ್ನು ಓದಲೆಂದು ಮಾಸ್ಟ್ರನ್ನೂ ಕರೆದೊಯ್ದರು. ಬೆಳಿಗ್ಗೆ ಹತ್ತು ಗಂಟೆ. ಒಳಗೆ ಚಾಪೆಯ ಮೇಲೆ ಐದು ವರ್ಷದ ಹುಡುಗಿಯ ಹೆಣ. ನೆರೆಯವರು ಸುತ್ತ ಕೂತಿದ್ದರು. ಪೊಲೀಸರು ಅಂಗಳದಲ್ಲೇ ನಿಂತುಬಿಟ್ಟರು.

ಮಾಸ್ಟ್ರ ಕೋಟು ರುಮಾಲು ಕಂಡು ದೇಯಿ ಎದ್ದು ಬಂದಳು. ಕಾಗದ ತಡೆದವರು ಇವರೇ ಎಂದಾಗಲಿ, ಯಾಕೆ ಬಂದರು ಎಂದಾಗಲಿ ಅವಳಿಗೆ ಗೊತ್ತಿಲ್ಲ.

"ನೀವು ಮಾಸ್ಟ್ರಲ್ವಾ? ಅವರಿಗೊಂದು ಕಾಗದ ಬರ್ದು ಕೊಡಿ. ನಾನು ಎರಡು ಬರ್ದೆ, ಅವರು ಬರ್ಲಿಲ್ಲ. ನಾನು ಬರ್ದದ್ದು ಅರ್ಥ ಆಗ್ಲಿಲ್ಲ ಕಾಣ್ತದೆ."

"ಎಂತ ಬರೀಬೇಕು?"

"ಕಿನ್ನಿ ಸತ್ತಳು ಅಂತ. ಬೇರೆ ಎಂತ ಉಂಟು?"

ಮಾಸ್ಟ್ರು ಜಗಲಿಯಲ್ಲಿ ಕೂತು ಅಷ್ಟನ್ನೇ ಬರೆದರು. ಮರುದಿನ ಆ ಕಾಗದ ಜೈಲಿನ ಕಟ್ಟಿನಲ್ಲಿ ಅವರ ಮುಂದೆಯೇ ಬಂತು. 'ಕೊಡಬಹುದು' ಎಂದು ಗುರುತು ಹಾಕಿದರು.

ಎರಡು ದಿನದಲ್ಲಿ ನೋಣಯ್ಯನ ಉತ್ತರ. ಹೊರಗೆ ಹೋಗುವ ಕಾಗದಗಳನ್ನೂ ಅವರೇ ಓದಬೇಕಿತ್ತು. "ಮಗುವಿಗೆ ಕಾಯಿಲೆ ಎಂದು ಒಂದು ಸಾಲು ಬರೆಯಲು ನಿನಗೆ ಕೈ ಬರಲಿಲ್ಲವೇ? ಇನ್ನು ನಿನ್ನ ಮುಖ ನೋಡುವುದಿಲ್ಲ."

ಇದೆಲ್ಲ ಮಾಸ್ಟ್ರೇ ನನಗೆ ಹೇಳಿದ್ದು, ಜೈಲಿನ ಆ ಕೆಲಸ ಬಿಟ್ಟ ಮೇಲೆ, ಒಂದೇ ಒಂದು ಸಲ.

"ಆ ಉತ್ತರವನ್ನು ಎಂತ ಮಾಡಿದ್ರಿ?" ಎಂದೆ.

"ಅದರಲ್ಲಿ ತಡೆಯುವಂಥದ್ದು ಏನೂ ಇರ್ಲಿಲ್ಲ," ಎಂದರು. "ಕಳಿಸಿದೆ."